ಸಂಜೆ ಐದು ಗಂಟೆಯ ಮುಖ

ಬೆಳಿಗ್ಗೆ ಎಂಟಕ್ಕೆ ಕನ್ನಡಿಯಲ್ಲಿ ಕಾಣುವ ಮುಖವನ್ನು ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ. ಆಗಷ್ಟೇ ತೊಳೆದ ಚರ್ಮ, ಆಗಷ್ಟೇ ಹಚ್ಚಿದ ಬಣ್ಣ, ಮೇಲೆ ಟ್ಯೂಬ್‌ಲೈಟು. ಆ ಹೊತ್ತಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಬಸ್ಸು ಹತ್ತಿ ಇಳಿದು, ಹೆಲ್ಮೆಟ್ ಹಾಕಿ ತೆಗೆದು, ಊಟ ಮುಗಿಸಿ, ನಾಲ್ಕಾರು ಸಲ ಬೆವರು ಒರೆಸಿಕೊಂಡ ಮೇಲೆ ಸಂಜೆ ಐದಕ್ಕೆ ಏನು ಉಳಿದಿರುತ್ತದೋ ಅದು ನಿಮ್ಮ ಪ್ರಯೋಗದ ಫಲಿತಾಂಶ. ಇವತ್ತಿನ ಮಾತೆಲ್ಲ ಆ ಐದು ಗಂಟೆಯ ಮುಖದ ಬಗ್ಗೆ.

ಮದುವೆ ಮೇಕಪ್ಪಿನ ಸುದ್ದಿಗೆ ಇಲ್ಲಿ ಹೋಗುವುದಿಲ್ಲ. ಅದರ ಲೆಕ್ಕವೇ ಬೇರೆ, ಅದನ್ನು ಕ್ಯಾಮೆರಾಗಾಗಿ ಮಾಡುತ್ತಾರೆ. ಯಕ್ಷಗಾನದ ಬಣ್ಣಗಾರಿಕೆ ಇನ್ನೂ ಬೇರೆ. ರಾಕ್ಷಸ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಚುಟ್ಟಿ, ಅಂದರೆ ಮುಖದ ಮೇಲೆ ಉಬ್ಬಿ ನಿಲ್ಲುವ ಬಿಳಿ ಚುಕ್ಕೆ, ಇಡುವುದು ಬಯಲಿನ ಕೊನೇ ಸಾಲಿನಲ್ಲಿ ಕೂತವರಿಗೂ ಕಾಣಲಿ ಎಂದು. ನಮ್ಮನ್ನು ದಿನಾ ನೋಡುವವರು ಎರಡು ಮೂರು ಅಡಿ ದೂರದಲ್ಲಿ, ಹಗಲು ಬೆಳಕಿನಲ್ಲಿ ನಿಂತು ಮಾತಾಡುವವರು. ಅಷ್ಟು ಹತ್ತಿರದಿಂದ ಪದರ ದಪ್ಪವಾದರೆ ಕೂಡಲೇ ಗೊತ್ತಾಗುತ್ತದೆ.

ಮೊದಲು ಪ್ರಯೋಗ ಹೇಗೆ ಕೆಡುತ್ತದೆ ಎಂದು ನೋಡೋಣ. ಹೊಸ ಫೌಂಡೇಶನ್ (ಮುಖವೆಲ್ಲ ಒಂದೇ ಬಣ್ಣ ಕಾಣಲೆಂದು ಹಚ್ಚುವ ಮೈಬಣ್ಣದ ಲೇಪ), ಹೊಸ ಪೌಡರು, ಹೊಸ ಲಿಪ್‌ಸ್ಟಿಕ್ ಮೂರನ್ನೂ ಒಂದೇ ದಿನ ಹಚ್ಚಿಕೊಂಡು ಹೊರಡುತ್ತೇವೆ. ಮಧ್ಯಾಹ್ನಕ್ಕೆ ಮುಖ ಬೂದುಬೂದಾಗುತ್ತದೆ. ತಪ್ಪು ಯಾವುದರದ್ದು? ಹೇಳಲು ಬರುವುದಿಲ್ಲ. ಮೂರೂ ಡ್ರಾಯರಿಗೆ ಸೇರುತ್ತವೆ, ಒಂದೂವರೆ ಸಾವಿರ ರೂಪಾಯಿ ಜೊತೆಗೆ ಸೇರುತ್ತದೆ. ಅದಕ್ಕೇ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮತ್ತೆ ಮೂರು ದಿನ ಅದನ್ನೇ ಮುಂದುವರಿಸಿ, ಯಾಕೆಂದರೆ ಒಂದು ದಿನ ಮಳೆ, ಒಂದು ದಿನ ಬಿಸಿಲು, ಇನ್ನೊಂದು ದಿನ ನಿದ್ದೆ ಕೆಟ್ಟಿರುತ್ತದೆ.

ಇನ್ನೂ ಚೊಕ್ಕವಾದ ದಾರಿ ಎಂದರೆ ಅರ್ಧ ಮುಖದ ಪರೀಕ್ಷೆ. ಬಲಗಡೆಗೆ ಹೊಸದು, ಎಡಗಡೆಗೆ ಹಳೆಯದು. ಅದೇ ಬೆವರು, ಅದೇ ಧೂಳು, ಅದೇ ದಿನ, ಹಾಗಾಗಿ ಹೋಲಿಕೆಗೆ ಮೋಸವಿಲ್ಲ. ಬಸ್ಸಿನಲ್ಲಿ ಯಾವಾಗಲೂ ಕಿಟಕಿ ಪಕ್ಕ ಕೂರುವವರಾದರೆ ಒಂದು ಕೆನ್ನೆಗೆ ಬಿಸಿಲು ಹೆಚ್ಚು ಬಡಿದಿರುತ್ತದೆ, ಮಾರನೆ ದಿನ ಬದಿ ಬದಲಿಸಿ. ಯಾರಾದರೂ ಗುರುತಿಸಿಬಿಟ್ಟಾರು ಎಂಬ ಅಳುಕು ಬೇಡ. ಎರಡೂ ಬದಿ ಹತ್ತಿರ ಹತ್ತಿರದ ಬಣ್ಣವೇ ಆಗಿದ್ದರೆ ನಿಮ್ಮನ್ನು ಬಿಟ್ಟು ಬೇರೆಯವರಿಗೆ ತಿಳಿಯುವುದಿಲ್ಲ.

ಬೇಕಾದ ಸಾಮಾನು ಕಡಿಮೆ. ಹಗಲು ಬೆಳಕು ಬರುವ ಒಂದು ಕಿಟಕಿ ಅಥವಾ ಬಾಗಿಲು, ಕೈಗನ್ನಡಿ, ಒಂದು ಬಿಳಿ ಹಾಳೆ, ಬರೆದಿಡಲು ಪುಟ್ಟ ಪುಸ್ತಕ. ಬಿಳಿ ಹಾಳೆ ಫೋಟೊಕ್ಕೆ. ಮೊಬೈಲ್ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ತಿದ್ದಿಬಿಡುತ್ತದೆ. ಗಲ್ಲದ ಕೆಳಗೆ ಹಾಳೆ ಹಿಡಿದು ತೆಗೆದ ಫೋಟೊದಲ್ಲಿ ಹಾಳೆ ಹಳದಿಯಾಗಿ ಕಂಡರೆ ಮುಖದ ಬಣ್ಣವೂ ಅಷ್ಟೇ ಸುಳ್ಳು. ಬ್ಯೂಟಿ ಫಿಲ್ಟರ್ ಎಲ್ಲೋ ಒಳಗೆ ಆನ್ ಆಗಿ ಕೂತಿರುತ್ತದೆ, ಹುಡುಕಿ ಆಫ್ ಮಾಡಿ. ಅಂಗಡಿಯ ದೀಪವನ್ನೂ ನಂಬಬೇಡಿ. ನೀಲಿಗೆ ವಾಲುವ 6500 ಕೆಲ್ವಿನ್ ಟ್ಯೂಬಿನ ಕೆಳಗೆ ಸರಿಯೆನಿಸಿದ ಬಣ್ಣ 2700 ಕೆಲ್ವಿನ್ನಿನ ಹಳದಿ ಬಲ್ಬಿಗೆ ಬಂದ ಕೂಡಲೇ ಬೇರೆಯೇ ಆಗುತ್ತದೆ. ಬಾಗಿಲ ಹೊರಗೆ, ನೆರಳಿನಲ್ಲಿ ನಿಂತು ನೋಡಿ.

ಇನ್ನು ಮೂಲಸೂತ್ರ. ಹಳೇ ಮನೆಗಳ ಕುಂಕುಮದ ಭರಣಿಯ ಪಕ್ಕದಲ್ಲಿ ಒಂದು ಚೂರು ಮೇಣ ಇರುತ್ತಿತ್ತು. ಹಣೆಗೆ ಮೊದಲು ಮೇಣವನ್ನು ಗುಂಡಗೆ ಸವರಿ, ಅದರ ಮೇಲೆ ಕುಂಕುಮ ಒತ್ತುತ್ತಿದ್ದರು. ಮೇಣವಿಲ್ಲದ ಕುಂಕುಮ ಮೂಗಿನ ಮೇಲೆ ಉದುರುತ್ತದೆ, ಕುಂಕುಮವಿಲ್ಲದ ಮೇಣ ಬೆವರಿಗೆ ಜಾರುತ್ತದೆ. ಎರಡೂ ಸೇರಿದರೆ ಸಂಜೆ ದೀಪ ಹಚ್ಚುವವರೆಗೆ ಅಲ್ಲಾಡುವುದಿಲ್ಲ. ಈಗ ಪ್ರೈಮರ್, ಐಶ್ಯಾಡೊ ಬೇಸ್, ಸೆಟಿಂಗ್ ಪೌಡರ್ ಎಂದು ಮಾರುವುದೆಲ್ಲ ಇದೇ ಮೇಣ-ಕುಂಕುಮದ ಲೆಕ್ಕ. ಕೆಳಗೆ ಹಿಡಿಯುವಂಥದ್ದು, ಮೇಲೆ ಒಣಗಿದ್ದು, ಎರಡೂ ತೆಳುವಾಗಿ. ಯಾವ ಹಂತದಲ್ಲಿ ಏನು ಕೆಟ್ಟರೂ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಮೇಣ ಹೆಚ್ಚಾಯಿತೋ, ಕುಂಕುಮ ಹೆಚ್ಚಾಯಿತೋ?

ಹೊಸದೇನನ್ನೇ ತಂದರೂ ಮುಖಕ್ಕೆ ಹಚ್ಚುವ ಮೊದಲು ಮೊಣಕೈ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಗಲ ಜಾಗಕ್ಕೆ ದಿನಕ್ಕೆರಡು ಸಲ, ಏಳು ದಿನ ಹಚ್ಚಿ. ಅಲರ್ಜಿ ಮೊದಲ ದಿನವೇ ಕಾಣಬೇಕೆಂದಿಲ್ಲ, ನಾಲ್ಕನೇ ದಿನ ತುರಿಕೆ ಶುರುವಾಗುವುದುಂಟು. ಫೇಸ್‌ವಾಶ್‌ನಂತೆ ತೊಳೆದುಹೋಗುವ ವಸ್ತುವಾದರೆ ಎಷ್ಟು ಹೊತ್ತು ಮುಖದ ಮೇಲಿರುತ್ತದೋ ಅಷ್ಟೇ ಹೊತ್ತು ಇಟ್ಟು ತೊಳೆಯಬೇಕು. ಡಬ್ಬಿಯ ಮೇಲೆ ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ಇಲ್ಲದ್ದನ್ನು ಮೊಣಕೈಗೂ ಹಚ್ಚಬೇಡಿ. ವಾರದೊಳಗೆ ಮುಖ ಬೆಳ್ಳಗಾಗಿಸುವ ಕ್ರೀಮಂತೂ ಮೇಕಪ್ಪಿನ ಲೆಕ್ಕಕ್ಕೇ ಬರುವುದಿಲ್ಲ. ಅದರೊಳಗೆ ಸ್ಟಿರಾಯ್ಡೋ ಪಾದರಸವೋ ಇರುವ ಸಾಧ್ಯತೆ ಹೆಚ್ಚು. ಸ್ಟಿರಾಯ್ಡಿನಿಂದ ಚರ್ಮ ತೆಳುವಾಗಿ, ಕೆಂಪು ರಕ್ತನಾಳ ಎದ್ದು, ಬಿಟ್ಟ ಕೂಡಲೇ ಮೊಡವೆ ಸಿಡಿಯುತ್ತದೆ. ಆ ಸ್ಥಿತಿಯ ಮುಖಕ್ಕೆ ಬೇಕಾದವರು ಚರ್ಮವೈದ್ಯರು.

ಸನ್‌ಸ್ಕ್ರೀನಿನಿಂದ ಶುರು ಮಾಡೋಣ, ಉಳಿದದ್ದೆಲ್ಲ ಅದರ ಮೇಲೆ ಕೂರುವುದರಿಂದ. ಡಬ್ಬಿಯ ಮೇಲಿನ ಎಸ್‌ಪಿಎಫ್, ಅಂದರೆ ಬಿಸಿಲನ್ನು ಎಷ್ಟು ತಡೆಯುತ್ತದೆ ಎನ್ನುವ ಸಂಖ್ಯೆಯನ್ನು, ಅಳೆಯುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಮನೆಯ ಲೆಕ್ಕದಲ್ಲಿ ಹೇಳುವುದಾದರೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ, ಇದು ಮುಖ ಮತ್ತು ಕುತ್ತಿಗೆಗೆ. ಹೆಚ್ಚಿನವರು ಹಚ್ಚುವುದು ಇದರ ಕಾಲು ಭಾಗದಿಂದ ಅರ್ಧದಷ್ಟು, ಆಮೇಲೆ ಎಸ್‌ಪಿಎಫ್ 50 ಹಚ್ಚಿದರೂ ಕಪ್ಪಾದೆ ಎನ್ನುತ್ತಾರೆ. ಎರಡು ಬೆರಳಿನಷ್ಟನ್ನು ಒಂದೇ ಸಲ ಮೆತ್ತಬೇಡಿ. ಒಂದು ಬೆರಳಿನಷ್ಟು ಹಚ್ಚಿ ಎರಡು ನಿಮಿಷ ಬಿಟ್ಟು ಇನ್ನೊಂದು.

ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್ ನಮ್ಮ ಚರ್ಮದ ಮೇಲೆ ವಿಭೂತಿ ಬಳಿದಂತೆ ಕಾಣುವುದುಂಟು, ಅವೆರಡೂ ಬಿಳಿ ಪುಡಿಗಳೇ. ಬಣ್ಣ ಬೆರೆಸಿದ, ಅಂದರೆ ಕಬ್ಬಿಣದ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ತಂದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಬಿಳಿಚು ಹೋಗುತ್ತದೆ. ಜೊತೆಗೆ ಕಣ್ಣಿಗೆ ಕಾಣುವ ಬೆಳಕನ್ನೂ ಅದು ಒಂದಷ್ಟು ತಡೆಯುತ್ತದೆ. ಕೆನ್ನೆಯ ಮೇಲೆ ಬಂಗು ಇರುವವರಿಗೆ ಇದು ಮುಖ್ಯ, ಯಾಕೆಂದರೆ ಬಂಗು ಅತಿನೇರಳೆ ಕಿರಣಕ್ಕಷ್ಟೇ ಅಲ್ಲದೆ ಕಾಣುವ ಬೆಳಕಿಗೂ ಗಾಢವಾಗುತ್ತದೆ. ನಿಮ್ಮ ಬಣ್ಣಕ್ಕೆ ಹೊಂದುವ ಇಂಥ ಸನ್‌ಸ್ಕ್ರೀನ್ ಸಿಕ್ಕಿಬಿಟ್ಟರೆ ದಿನನಿತ್ಯಕ್ಕೆ ಫೌಂಡೇಶನ್ನೇ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಸನ್‌ಸ್ಕ್ರೀನ್ ಮೇಲೆ ಏನಾದರೂ ಸವರಿದ ಕೂಡಲೇ ರಬ್ಬರು ಉಜ್ಜಿದಾಗ ಬರುವ ಪುಡಿಯಂತೆ ಸುರುಳಿ ಸುರುಳಿ ಏಳುತ್ತದೆಯೇ? ಕಾರಣ ಮೂರು ಇರಬಹುದು. ಕೆಳಗಿನ ಪದರ ಒಣಗಿಲ್ಲ, ಅಥವಾ ಹೆಚ್ಚಾಗಿದೆ, ಅಥವಾ ನೀವು ಉಜ್ಜುತ್ತಿದ್ದೀರಿ. ಹತ್ತು ನಿಮಿಷ ಬಿಡಿ, ಅಷ್ಟರಲ್ಲಿ ತಲೆ ಬಾಚಿಕೊಳ್ಳಬಹುದು. ಆಮೇಲೆ ಬೆರಳಿನಿಂದ ಎಳೆಯದೆ ಒದ್ದೆ ಸ್ಪಂಜಿನಿಂದ ತಟ್ಟಿ. ಆಗಲೂ ಎದ್ದರೆ ಆ ಎರಡು ವಸ್ತುಗಳಿಗೆ ಕೂಡಿಬರುವುದಿಲ್ಲ ಎಂದರ್ಥ, ಒಂದು ನೀರಿನಂಶದ್ದು, ಇನ್ನೊಂದು ಸಿಲಿಕೋನ್ ಎಂಬ ನುಣುಪು ಕೊಡುವ ವಸ್ತುವಿನದು ಆಗಿರಬಹುದು. ಯಾವುದನ್ನು ಬಿಡಬೇಕೆಂದು ಆರಿಸಿಕೊಳ್ಳಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇನ್ನೊಂದು ಉಪದ್ರವ ಇದೆ. ಗಡಸು ನೀರಿಗೆ ಸೋಪು ಸೇರಿದರೆ ಬಕೆಟ್ಟಿನ ಅಂಚಿಗೆ ಕಟ್ಟುವಂಥ ಬಿಳಿ ಕಸ ಚರ್ಮದ ಮೇಲೂ ಉಳಿಯುತ್ತದೆ, ಅದರ ಮೇಲೆ ಬಣ್ಣ ತೇಪೆ ತೇಪೆಯಾಗಿ ಕೂರುತ್ತದೆ. ಮುಖಕ್ಕೆ ಸೋಪಿನ ಬದಲು ಸೋಪಿಲ್ಲದ ಫೇಸ್‌ವಾಶ್ ಬಳಸಿ ವ್ಯತ್ಯಾಸ ನೋಡಿ.

ಈಗ ಫೌಂಡೇಶನ್. ಇಲ್ಲಿ ಸ್ವಲ್ಪ ನಿಲ್ಲಬೇಕು, ದುಡ್ಡು ಹೆಚ್ಚು ಪೋಲಾಗುವ ಜಾಗ ಇದೇ.

ಕನ್ನಡದಲ್ಲಿ ಮೈಬಣ್ಣಕ್ಕೆ ಒಳ್ಳೊಳ್ಳೆಯ ಮಾತುಗಳಿವೆ: ಎಣ್ಣೆಗೆಂಪು, ಗೋಧಿಬಣ್ಣ, ಸಾದಗಪ್ಪು. ವಧೂವರರ ಜಾಹೀರಾತು ಇವನ್ನು ಹಾಳುಗೆಡವಿತು. ಆದರೆ ಎಣ್ಣೆಗೆಂಪು ಎಂಬ ಮಾತಿನಲ್ಲಿರುವ ಸೂಕ್ಷ್ಮ ಎಷ್ಟೋ ಶೇಡ್ ಕಾರ್ಡಿನಲ್ಲಿ ಇಲ್ಲ. ಬಣ್ಣ ಎಷ್ಟು ಗಾಢ ಎನ್ನುವುದು ಒಂದು, ಅದರ ಒಳಗಿಂದ ಕೆಂಪು ಇಣುಕುತ್ತದೋ ಹಳದಿಯೋ ಹಸಿರೋ ಎನ್ನುವುದು ಇನ್ನೊಂದು. ಎರಡೂ ಹೊಂದಬೇಕು. ಮಣಿಕಟ್ಟಿನ ನರ ನೀಲಿಯೋ ಹಸಿರೋ ಎಂದು ನೋಡುವ ಪರೀಕ್ಷೆ ನಮ್ಮಲ್ಲಿ ಹೆಚ್ಚಿನವರಿಗೆ ಕೆಲಸಕ್ಕೆ ಬಾರದು, ಕಂದು ಚರ್ಮದಡಿ ನರ ಹಸಿರಾಗಿಯೇ ಕಾಣುತ್ತದೆ, ಕೆಲವರಿಗೆ ಕಾಣುವುದೇ ಇಲ್ಲ. ಭಾರತೀಯ ಚರ್ಮಕ್ಕೆಂದೇ ಲ್ಯಾಕ್ಮೆ ಹುಟ್ಟಿದ್ದು 1952ರಲ್ಲಿ. ಫೆಂಟಿ ಬ್ಯೂಟಿ ಎಂಬ ವಿದೇಶಿ ಕಂಪನಿ ಒಂದೇ ಫೌಂಡೇಶನ್ನನ್ನು 40 ಶೇಡುಗಳಲ್ಲಿ ತಂದದ್ದು 2017ರಲ್ಲಿ, ಆಮೇಲೆ ಉಳಿದವರೂ ಗಾಢ ಬಣ್ಣಗಳ ಸಾಲನ್ನು ಉದ್ದ ಮಾಡಿದರು. ಇಷ್ಟಾದರೂ ಒಂದು ಕಂಪನಿಯ ಶೇಡ್ ಸಂಖ್ಯೆಯನ್ನು ಇನ್ನೊಂದಕ್ಕೆ ಹೊಂದಿಸಲಾಗದು. ಸಂಖ್ಯೆ ಕೇಳಿ ಆನ್‌ಲೈನಿನಲ್ಲಿ ತರಿಸುವುದು ಲಾಟರಿ.

ಪರೀಕ್ಷೆ ಹೀಗೆ. ಕೈಮೇಲೆ ಹಚ್ಚಿ ನೋಡಬೇಡಿ, ಕೈ ಬಿಸಿಲಿಗೆ ಬೇರೆಯೇ ಬಣ್ಣವಾಗಿರುತ್ತದೆ. ಹತ್ತಿರವೆನಿಸಿದ ಮೂರು ಶೇಡುಗಳನ್ನು ಕೆನ್ನೆಯ ಕೆಳಗಿನಿಂದ ದವಡೆ ದಾಟಿ ಕುತ್ತಿಗೆಗೆ ಇಳಿಯುವಂತೆ ಮೂರು ಗೆರೆ ಎಳೆಯಿರಿ. ಒಂದೊಂದೂ ಕಿರುಬೆರಳಿನ ಅಗಲ, ನಡುವೆ ಸ್ವಲ್ಪ ಬರಿ ಚರ್ಮ. ಆಮೇಲೆ ಅಂಗಡಿಯಿಂದ ಹೊರಗೆ ಹೋಗಿ. ಕಾಫಿ ಕುಡಿದು ಬನ್ನಿ, ಅರ್ಧ ಗಂಟೆಯಾಗಲಿ. ಹಸಿಯಾಗಿ ಕಂಡ ಬಣ್ಣವೇ ಬೇರೆ, ಅದರೊಳಗಿನ ನೀರು ಮತ್ತು ಆವಿಯಾಗಿ ಹಾರುವ ಸಿಲಿಕೋನ್ ಆರಿ, ಚರ್ಮದ ಜಿಡ್ಡು ಪುಡಿಯನ್ನು ನೆನೆಸಿದ ಮೇಲೆ ಕಾಣುವ ಬಣ್ಣವೇ ಬೇರೆ. ಒದ್ದೆ ಮಣ್ಣು ಒಣಮಣ್ಣಿಗಿಂತ ಗಾಢವಾಗಿ ಕಾಣುತ್ತದಲ್ಲ, ಹಾಗೆ ಎಣ್ಣೆ ಹೀರಿದ ಪುಡಿ ಅರ್ಧ ಶೇಡಿನಿಂದ ಒಂದು ಶೇಡಿನಷ್ಟು ಗಾಢವಾಗಬಹುದು. ಅರ್ಧ ಗಂಟೆಯ ನಂತರ ನೆರಳಿನಲ್ಲಿ ನಿಂತು ನೋಡಿದಾಗ ಯಾವ ಗೆರೆ ಎಲ್ಲಿ ಮುಗಿಯಿತೆಂದು ಹೇಳಲಾಗುವುದಿಲ್ಲವೋ ಅದು ನಿಮ್ಮದು. ಕೌಂಟರಿನವರು "ಸ್ವಲ್ಪ ಬ್ರೈಟಾಗಿರೋದು ತಗೊಳ್ಳಿ ಮೇಡಂ" ಎಂದೇ ಎನ್ನುತ್ತಾರೆ. ತಗೊಳ್ಳಬೇಡಿ. ಚರ್ಮಕ್ಕಿಂತ ತಿಳಿಯಾದ ಬಣ್ಣದಲ್ಲಿ ಬಿಳಿ ಪುಡಿಯ ಪಾಲು ಹೆಚ್ಚು, ಗುಲಾಬಿಗೆ ವಾಲಿದ್ದರಂತೂ ಎಣ್ಣೆಗೆಂಪಿನ ಮೇಲೆ ಅದು ಬೂದಿಯಾಗುತ್ತದೆ. ಸಂಜೆ ಐದಕ್ಕೆ ಬೆವರಿನ ಗೆರೆ ಬಿದ್ದ ಮೇಲೆ ಬೂದಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ತೊಡಕು. ನಮ್ಮಲ್ಲಿ ಬಹಳ ಜನರಿಗೆ ಹಣೆ ಮತ್ತು ಬಾಯಿಸುತ್ತ ಗಾಢ, ಕೆನ್ನೆ ತಿಳಿ, ಕುತ್ತಿಗೆ ಮತ್ತೊಂದು. ಯಾವುದಕ್ಕೆ ಹೊಂದಿಸಬೇಕು? ಕೆನ್ನೆಗೆ ಹೊಂದಿಸಿ ಇಡೀ ಮುಖಕ್ಕೆ ಬಳಿದರೆ ಮುಖವಾಡ. ಮೇಲೆದೆ ಮತ್ತು ಕುತ್ತಿಗೆಯ ಬಣ್ಣಕ್ಕೆ ಹೊಂದಿಸಿ, ಮುಖದ ನಡುಭಾಗಕ್ಕೆ ಅಂದರೆ ಮೂಗಿನ ಪಕ್ಕ, ಬಾಯಿಸುತ್ತ, ಗಲ್ಲಕ್ಕಷ್ಟೇ ಹಚ್ಚಿ, ಅಂಚನ್ನು ಕರಗಿಸಿಬಿಡಿ. ಹಣೆಯಂಚು, ಕಿವಿಪಕ್ಕ ಬರಿಯಾಗಿರಲಿ. ಪ್ರಮಾಣ ಒಂದು ಕಡಲೆಕಾಳಿನಷ್ಟು. ಮೊದಲು ಹೆಸರುಕಾಳಿನಷ್ಟು ತೆಗೆದುಕೊಂಡು ಎಲ್ಲಿ ಸಾಲದೋ ಅಲ್ಲಿಗೆ ಮಾತ್ರ ಮತ್ತೆ ಹಾಕಿ. ಒಂದು ಮೊಡವೆ ಕಲೆಗಾಗಿ ಇಡೀ ಕೆನ್ನೆ ಬಳಿಯುವುದು ಗೋಡೆಯ ಒಂದು ಮೊಳೆಗುಂಡಿಗೆ ಮನೆಯೆಲ್ಲ ಪೇಂಟ್ ಮಾಡಿಸಿದ ಹಾಗೆ. ಕಲೆಯ ಮೇಲೆ ಚೂಪು ಬ್ರಷ್ಷಿನಿಂದ ಕನ್ಸೀಲರ್, ಅಂದರೆ ಕಲೆ ಮುಚ್ಚುವ ದಪ್ಪ ಲೇಪ, ಇಟ್ಟು ಒಂದು ನಿಮಿಷ ಹಾಗೇ ಬಿಟ್ಟು, ಅಂಚನ್ನು ಮಾತ್ರ ಬೆರಳಿನಿಂದ ತಟ್ಟಿ. ಗಂಡಸರಿಗೂ ಇದೇ ಸಾಕು, ಕ್ಷೌರದ ಗಾಯದ ಗುರುತಿಗೂ ಮೊಡವೆಗೂ. ಯಾರಿಗೂ ತಿಳಿಯುವುದಿಲ್ಲ.

ಕಣ್ಣಿನ ಕೆಳಗಿನ ಕಪ್ಪು ಎರಡು ಬಗೆ, ಬೇರೆ ಬೇರೆ ಉಪಾಯ ಬೇಕು. ಕನ್ನಡಿಯನ್ನು ಮುಖಕ್ಕಿಂತ ಮೇಲೆ ಹಿಡಿದು ಬೆಳಕಿನ ಕಡೆ ಮುಖವೆತ್ತಿ ನೋಡಿ. ಕಪ್ಪು ಮಾಯವಾದರೆ ಅದು ಗುಳಿಯ ನೆರಳು, ಬಣ್ಣ ಬಳಿದು ಅದನ್ನು ತೆಗೆಯಲಾಗದು, ಹೆಚ್ಚು ಬಳಿದಷ್ಟೂ ಗೆರೆ ಬೀಳುತ್ತದೆ. ಹಾಗೇ ಉಳಿದರೆ ಅದು ಚರ್ಮದ್ದೇ ಬಣ್ಣ. ಅದಕ್ಕೆ ಮೊದಲು ಕಿತ್ತಳೆ ಅಥವಾ ಪೀಚ್ ಬಣ್ಣದ ಕರೆಕ್ಟರ್, ಸಾಸಿವೆಯಷ್ಟು. ನೀಲಿಗಪ್ಪನ್ನು ಕಿತ್ತಳೆ ಮಂಕು ಮಾಡುತ್ತದೆ. ಚರ್ಮ ಗಾಢವಾದಷ್ಟೂ ಕಿತ್ತಳೆ ಗಾಢವಿರಲಿ. ಅದರ ಮೇಲೆ ಚರ್ಮದ್ದೇ ಬಣ್ಣದ ಕನ್ಸೀಲರ್. ನೇರವಾಗಿ ತಿಳಿ ಕನ್ಸೀಲರ್ ಹಚ್ಚಿದರೆ ಕಪ್ಪು ಹೋಗಿ ಬೂದು ಬರುತ್ತದೆ.

ಕಾಡಿಗೆಗೆ ಬರೋಣ. ಫೌಂಡೇಶನ್ ಮುಟ್ಟದವರೂ ಕಾಡಿಗೆ ಬಿಡುವುದಿಲ್ಲ, ಐದು ಗಂಟೆಗೆ ಮೊದಲು ಸೋಲುವುದೂ ಅದೇ. ಪೆನ್ಸಿಲ್ ಕಾಡಿಗೆ ಎಂದರೆ ಮೇಣ, ಎಣ್ಣೆ, ಕಪ್ಪಿಗೆ ಇಂಗಾಲ ಅಥವಾ ಕಬ್ಬಿಣದ ಆಕ್ಸೈಡ್. ಕೆಳರೆಪ್ಪೆಯ ಒಳಅಂಚು ಯಾವಾಗಲೂ ಒದ್ದೆ. ಅಲ್ಲಿ ಹಚ್ಚಿದ ಮೇಣ ಹಿಡಿಯುವುದಿಲ್ಲ, ಪ್ರತಿಸಲ ರೆಪ್ಪೆ ಬಡಿದಾಗ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ. ಹೊರಗೆ ಕಣ್ಣಿನ ಕೆಳಗೆ ಐ ಕ್ರೀಮ್, ಸನ್‌ಸ್ಕ್ರೀನ್, ಮೈಜಿಡ್ಡು ಕಾಯುತ್ತಿರುತ್ತವೆ. ಎಣ್ಣೆಗೆ ಎಣ್ಣೆ ಸಿಕ್ಕ ಮೇಲೆ ಹರಡದೆ ಇರುವುದೇ ಇಲ್ಲ. ಆದ್ದರಿಂದ ಕಾಡಿಗೆಯ ಬ್ರ್ಯಾಂಡ್ ಬದಲಿಸುವ ಮೊದಲು ಕೆಳಗಿನ ನೆಲ ಸರಿಮಾಡಿ.

ಟಿಶ್ಯೂ ಪೇಪರನ್ನು ಮಡಿಸಿ ಕಣ್ಣಿನ ಕೆಳಗೆ ಒತ್ತಿ ಜಿಡ್ಡು ತೆಗೆಯಿರಿ. ಚಿಕ್ಕ ಬ್ರಷ್ಷಿನಿಂದ ಸಣ್ಣಗೆ ಪೌಡರ್ ಹಾಕಿ, ಬಿಳಿ ಕಾಣದಷ್ಟು. ಈಗ ಪೆನ್ಸಿಲಿನಿಂದ ಮೇಲ್ರೆಪ್ಪೆಯ ಕೂದಲ ಬುಡದಲ್ಲಿ, ಕೂದಲ ನಡುನಡುವೆ ಚುಕ್ಕೆ ಚುಕ್ಕೆಯಾಗಿ ಇಡುತ್ತ ಹೋಗಿ, ಗೆರೆ ಎಳೆಯಬೇಡಿ. ಕೆಳಗೆ ಬೇಕೇ ಬೇಕಾದರೆ ಹೊರಗಿನ ಮೂರನೇ ಒಂದು ಭಾಗಕ್ಕೆ ಮಾತ್ರ, ಅದೂ ಕೂದಲಿನ ಹೊರಗೆ. ಕೂಡಲೇ ಅದೇ ಕಪ್ಪು ಅಥವಾ ಗಾಢ ಕಂದು ಬಣ್ಣದ ಐಶ್ಯಾಡೊ ಪುಡಿಯನ್ನು ಚಪ್ಪಟೆ ಬ್ರಷ್ಷಿನಿಂದ ಅದರ ಮೇಲೆ ಒತ್ತಿ. ಮೇಣದ ಮೇಲೆ ಕುಂಕುಮ. ಜೆಲ್ ಪೆನ್ಸಿಲ್ ಆದರೆ ಹಾರುವ ದ್ರವ ಆರಿ ಗಟ್ಟಿಯಾಗಲು ಅರ್ಧದಿಂದ ಒಂದು ನಿಮಿಷ ಬೇಕು. ಆ ನಿಮಿಷ ಕಣ್ಣು ಉಜ್ಜದೆ, ಮೇಲೆ ನೋಡದೆ ಇರಿ. ಮೇಲೆ ನೋಡಿದರೆ ರೆಪ್ಪೆ ಮಡಿಕೆಗೆ ಅಚ್ಚು ಒತ್ತುತ್ತದೆ.

ಒಳಅಂಚಿಗೆ ತುಂಬುವುದರ ಇನ್ನೊಂದು ಸಮಸ್ಯೆ ಕಣ್ಣಿನದು. ಕಣ್ಣೀರು ಬೇಗ ಆರದಂತೆ ಎಣ್ಣೆ ಸುರಿಸುವ ಗ್ರಂಥಿಗಳ ಬಾಯಿ ಅಲ್ಲೇ ಇದೆ, ದಿನಾ ಮೇಣ ತುಂಬಿದರೆ ಕಟ್ಟಿಕೊಳ್ಳಬಹುದು. ಲೆನ್ಸ್ ಹಾಕುವವರು ಅಲ್ಲಿಗೆ ಹೋಗಲೇಬೇಡಿ. ಸುರ್ಮಾ ಎಂದು ಮಾರುವ ಕೆಲವು ಪುಡಿಗಳಲ್ಲಿ ಸೀಸದ ಸಲ್ಫೈಡ್ ಇರುತ್ತದೆ, ಮಕ್ಕಳಿಗಂತೂ ಬೇಡ. ಕೂಸುಗಳ ಕಣ್ಣಿಗೆ ಮನೆಯಲ್ಲಿ ಮಾಡಿದ ಕಾಡಿಗೆಯನ್ನೂ ಹಚ್ಚಬಾರದು. ದೃಷ್ಟಿಗೆ ಬೇಕೆಂದರೆ ಅಂಗಾಲಿಗೆ ಬೊಟ್ಟಿಡಿ, ಅಜ್ಜಿಯರಿಗೂ ಸಮಾಧಾನ. ಕಾಡಿಗೆ ಪೆನ್ಸಿಲನ್ನು ಅಕ್ಕತಂಗಿಯರೂ ಹಂಚಿಕೊಳ್ಳಬಾರದು. ಮಸ್ಕಾರ ತೆರೆದ ಮೂರು ತಿಂಗಳಿಗೆ, ಹೆಚ್ಚೆಂದರೆ ಆರಕ್ಕೆ, ಎಸೆಯಿರಿ.

ಕನ್ನಡಕ ಇರುವವರಿಗೆ ಒಂದು ಮಾತು. ಮೈನಸ್ ಪವರಿನ ಗಾಜು ಕಣ್ಣನ್ನು ಚಿಕ್ಕದಾಗಿ ತೋರಿಸುತ್ತದೆ, ಅಲ್ಲಿ ಕೆಳಗಿನ ಕಪ್ಪು ಕಣ್ಣನ್ನು ಇನ್ನೂ ಮುಚ್ಚುತ್ತದೆ, ಮೇಲಿನ ಗೆರೆಯನ್ನು ಸ್ವಲ್ಪ ದಪ್ಪ ಮಾಡಿ. ಪ್ಲಸ್ ಪವರು ದೊಡ್ಡದು ಮಾಡುತ್ತದೆ, ಜೊತೆಗೆ ಪ್ರತಿಯೊಂದು ತಪ್ಪನ್ನೂ ದೊಡ್ಡದು ಮಾಡುತ್ತದೆ. ಮೂಗಿನ ಮೇಲೆ ಕನ್ನಡಕದ ದಿಂಬು ಕೂರುವ ಎರಡು ಜಾಗಕ್ಕೆ ಫೌಂಡೇಶನ್ ಹಚ್ಚಲೇಬೇಡಿ, ಅದು ನಿಲ್ಲುವುದಿಲ್ಲ.

ಹಣೆಬೊಟ್ಟು ಇಷ್ಟು ಅಗ್ಗದ ಪ್ರಯೋಗ, ಆದರೂ ವರ್ಷಗಟ್ಟಲೆ ಒಂದೇ ಅಳತೆಯ ಸ್ಟಿಕ್ಕರ್ ಇಡುತ್ತಾರೆ. ಉತ್ತರ ಕರ್ನಾಟಕದವರ ಟಿಕಳಿಯೂ ಇದೇ. 3, 6, 9 ಮಿಲಿಮೀಟರಿನ ಮೂರು ಪ್ಯಾಕೆಟ್ ತಂದು ಒಂದೊಂದು ವಾರ ಇಟ್ಟು ನೋಡಿ, ಹುಬ್ಬಿನ ನಡುವೆ ಒಂದು ವಾರ, ಅರ್ಧ ಇಂಚು ಮೇಲೆ ಒಂದು ವಾರ. ಹಣೆ ಅಗಲವಿದ್ದವರಿಗೆ ಮೇಲಿಟ್ಟ ದೊಡ್ಡ ಬೊಟ್ಟು ಹಣೆಯನ್ನು ಎರಡು ಪಾಲು ಮಾಡಿ ಚಿಕ್ಕದಾಗಿ ತೋರಿಸುತ್ತದೆ. ಆದರೆ ಸ್ಟಿಕ್ಕರಿನ ಅಂಟಿನ ಬಗ್ಗೆ ಎಚ್ಚರ. ಕೆಲವು ಅಂಟುಗಳಲ್ಲಿ ಪ್ಯಾರಾ ಟರ್ಶಿಯರಿ ಬ್ಯೂಟೈಲ್ ಫೀನಾಲ್ ಎಂಬ ರಾಸಾಯನಿಕ ಇರುತ್ತದೆ. ಅದು ಚರ್ಮದ ಬಣ್ಣ ಮಾಡುವ ಜೀವಕೋಶಗಳನ್ನೇ ಕೊಲ್ಲುತ್ತದೆ, ಬೊಟ್ಟಿನ ಆಕಾರದ್ದೇ ಬಿಳಿ ಮಚ್ಚೆ ಉಳಿಯುತ್ತದೆ. ತುರಿಕೆ, ಕೆಂಪು ಕಂಡ ದಿನವೇ ನಿಲ್ಲಿಸಿ. ಮಚ್ಚೆ ಮುಚ್ಚಲೆಂದು ಇನ್ನೂ ದೊಡ್ಡ ಸ್ಟಿಕ್ಕರ್ ಇಟ್ಟರೆ ಮಚ್ಚೆಯೂ ದೊಡ್ಡದಾಗುತ್ತದೆ. ಕುಂಕುಮಕ್ಕೆ ಮರಳುವವರು ಅರಿಸಿನದಿಂದ ಮಾಡಿದ್ದೋ ಬಣ್ಣದ ಪುಡಿಯೋ ಎಂದು ಕೇಳಿ ತನ್ನಿ, ಅದನ್ನೂ ಮೊಣಕೈಯಲ್ಲಿ ಪರೀಕ್ಷಿಸಿ.

ತುಟಿಯ ಬಣ್ಣವನ್ನು ಕೈಯ ಹಿಂಭಾಗಕ್ಕೆ ಗೀಚಿ ನೋಡುವುದಕ್ಕಿಂತ ಬೆರಳ ತುದಿಗೆ ಹಚ್ಚಿ ನೋಡುವುದು ಮೇಲು, ಅಲ್ಲಿಯ ಕೆಂಪು ತುಟಿಗೆ ಹತ್ತಿರ. ನ್ಯೂಡ್ ಎಂಬ ಹೆಸರಿನಲ್ಲಿ ಬರುವ ತಿಳಿ ಗುಲಾಬಿ, ತಿಳಿ ಬೀಜ್ ಬಣ್ಣಗಳು ನಮ್ಮ ತುಟಿಯ ಮೇಲೆ ಸುಣ್ಣ ತಿಂದಂತೆ ಕಾಣುತ್ತವೆ. ಸ್ವಂತ ತುಟಿಯಷ್ಟೇ ಗಾಢ ಅಥವಾ ಅದಕ್ಕಿಂತ ಒಂದು ಹೆಜ್ಜೆ ಗಾಢವಾದ ಇಟ್ಟಿಗೆಗೆಂಪು, ಹುಣಸೆಹಣ್ಣಿನ ಕಂದು, ನೇರಳೆ ಕಂದುಗಳಿಂದ ಶುರು ಮಾಡಿ. ಮೇಲ್ತುಟಿ ಕೆಳತುಟಿಗಿಂತ ಗಾಢವಿದ್ದರೆ ಒಂದೇ ಲಿಪ್‌ಸ್ಟಿಕ್ ಎರಡು ಬಣ್ಣ ಕೊಡುತ್ತದೆ. ಎರಡಕ್ಕೂ ಕಂದು ಲಿಪ್ ಲೈನರನ್ನು ಒಳಗೆಲ್ಲ ತುಂಬಿ, ಟಿಶ್ಯೂ ಒತ್ತಿ, ಆಮೇಲೆ ಲಿಪ್‌ಸ್ಟಿಕ್.

ಒಣಗಿ ಗಟ್ಟಿಯಾಗುವ ಲಿಕ್ವಿಡ್ ಲಿಪ್‌ಸ್ಟಿಕ್ ಕಾಫಿಗೆ ಜಗ್ಗುವುದಿಲ್ಲ, ಆದರೆ ಒಂದು ಮಸಾಲೆದೋಸೆಗೆ ಶರಣಾಗುತ್ತದೆ. ಅದರ ಪೊರೆಯನ್ನು ಕರಗಿಸುವುದು ಎಣ್ಣೆ. ತುಟಿಯ ಒಳಅಂಚಿನಿಂದ ಹೋಗುತ್ತದೆ, ಹೊರಗೆ ಉಂಗುರ ಉಳಿಯುತ್ತದೆ. ಊಟವಾದ ಮೇಲೆ ಅದರ ಮೇಲೇ ಮತ್ತೊಂದು ಪದರ ಹಾಕಿದರೆ ಚಕ್ಕೆ ಏಳುತ್ತದೆ, ಪೂರ್ತಿ ಒರೆಸಿ ಹೊಸದಾಗಿ ಹಚ್ಚಬೇಕು. ಆಫೀಸಿನಲ್ಲಿ ಅಷ್ಟು ವ್ಯವಧಾನವಿಲ್ಲದವರಿಗೆ ಸಾದಾ ಲಿಪ್‌ಸ್ಟಿಕ್ಕನ್ನು ಬೆರಳಿನಿಂದ ತಟ್ಟಿ ಹಚ್ಚುವುದೇ ವಾಸಿ. ಅಂಚು ಮಸುಕಾಗಿರುವುದರಿಂದ ಅಳಿಸಿದರೂ ಅಳಿಸಿದ್ದು ಕಾಣುವುದಿಲ್ಲ. ಅದೇ ಬೆರಳಲ್ಲಿ ಉಳಿದದ್ದು ಕೆನ್ನೆಗೂ ಆಗುತ್ತದೆ, ಪೌಡರ್ ಹಾಕುವ ಮೊದಲು.

ಊರು ಬದಲಾದರೆ ಲೆಕ್ಕ ಬದಲಾಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಅಲ್ಲಿ ಮೇಣ ಕಡಿಮೆ ಮಾಡಿ, ಕ್ರೀಮಿನ ಬದಲು ಜೆಲ್, ಫೌಂಡೇಶನ್ ಬಿಟ್ಟು ಬರಿ ಕನ್ಸೀಲರ್. ಕಲಬುರಗಿಯ ಒಣ ಬಿಸಿಲಿನಲ್ಲಿ ಪೌಡರ್ ಹೆಚ್ಚಾದರೆ ಚರ್ಮ ಬಿರಿದಂತೆ ಕಾಣುತ್ತದೆ, ಅಲ್ಲಿ ಕುಂಕುಮ ಕಡಿಮೆ. ಬೆಂಗಳೂರಿನಲ್ಲಿ ಸ್ಕೂಟರಿನವರಿಗೆ ಹೆಲ್ಮೆಟ್ಟೇ ಹವಾಮಾನ. ಒಳಗಿನ ದಿಂಬು ಎರಡೂ ಕೆನ್ನೆಯನ್ನು ಒತ್ತಿ ಅಲ್ಲಿಯ ಬಣ್ಣವನ್ನೆಲ್ಲ ತಾನು ಹಚ್ಚಿಕೊಳ್ಳುತ್ತದೆ, ಪಟ್ಟಿ ಗಲ್ಲದ ಕೆಳಗಿನದನ್ನು. ಮನೆಯಲ್ಲಿ ಸನ್‌ಸ್ಕ್ರೀನ್ ಮತ್ತು ಕಣ್ಣು ಮಾತ್ರ ಮುಗಿಸಿ ಹೊರಡಿ. ಕೆನ್ನೆ ತುಟಿಗಳನ್ನು ತಲುಪಿದ ಮೇಲೆ ಎರಡು ನಿಮಿಷದಲ್ಲಿ ಮಾಡಿಕೊಳ್ಳಿ. ಬೆವರನ್ನು ಕರವಸ್ತ್ರದಿಂದ ಎಳೆದು ಒರೆಸಬೇಡಿ, ಒತ್ತಿ ತೆಗೆಯಿರಿ. ಬೆವರಿನ ಮೇಲೆ ನೇರ ಕಾಂಪ್ಯಾಕ್ಟ್ (ಡಬ್ಬಿಯಲ್ಲಿ ಒತ್ತಿಟ್ಟ ಪೌಡರು) ಹಾಕಿದರೆ ಕಲಸಿದ ಹಿಟ್ಟಾಗುತ್ತದೆ.

ಉಡುಪಿನ ಪ್ರಯೋಗವೂ ಇದೇ ಶಿಸ್ತಿನದು. ಗಲ್ಲದಿಂದ ಒಂದು ಗೇಣಿನೊಳಗೆ ಇರುವ ಬಟ್ಟೆ ಮುಖದ ಬಣ್ಣವನ್ನು ಬದಲಿಸುತ್ತದೆ, ಬಟ್ಟೆಗೆ ಬಿದ್ದ ಬೆಳಕು ಗಲ್ಲದ ಕೆಳಗೆ ಪುಟಿಯುತ್ತದೆ. ಗಿಳಿಹಸಿರು ಕುರ್ತಾ ಹಾಕಿದ ದಿನ ಫೌಂಡೇಶನ್ ತಪ್ಪಾಯಿತೇ ಎನಿಸುವುದು ಅದಕ್ಕೇ. ಕಿಟಕಿಯ ಮುಂದೆ, ಬರಿ ಮುಖದಲ್ಲಿ, ಮನೆಯಲ್ಲಿರುವ ದುಪಟ್ಟಾಗಳನ್ನು ಒಂದೊಂದಾಗಿ ಹೆಗಲ ಮೇಲೆ ಹೊದ್ದು ನೋಡಿ. ಕಣ್ಣಿನ ಕೆಳಗಿನ ಕಪ್ಪು ಎದ್ದು ಕಾಣುವ ಬಣ್ಣಗಳನ್ನು ಒಂದು ಕಡೆ, ಕಾಣದವನ್ನು ಇನ್ನೊಂದು ಕಡೆ ಹಾಕುತ್ತ ಹೋಗಿ. ಹತ್ತು ದುಪಟ್ಟಾ ಮುಗಿಯುವಷ್ಟರಲ್ಲಿ ಒಂದು ಸಾಲು ಕಾಣಿಸುತ್ತದೆ. ಎದ್ದು ಕಾಣಿಸುವ ಬಣ್ಣಗಳು ಇಷ್ಟವೆಂದಾದರೆ ಬಿಡಬೇಕಿಲ್ಲ, ಪ್ಯಾಂಟಿಗೋ ಚೀಲಕ್ಕೋ ಇಳಿಸಿ. ಸೀರೆಯಲ್ಲಿ ಮುಖದ ಪಕ್ಕ ಬರುವುದು ಸೆರಗಿಗಿಂತ ಹೆಚ್ಚಾಗಿ ರವಿಕೆ. ಒಂದು ಇಳಕಲ್ ಸೀರೆಗೆ ಗುಳೇದಗುಡ್ಡ ಖಣದ ಎರಡು ಬಣ್ಣದ ರವಿಕೆ ಹೊಲಿಸಿದರೆ ಎರಡು ಉಡುಗೆ, ಖರ್ಚು ಹೊಸ ಸೀರೆಯ ಒಂದು ಪಾಲು. ಓಲೆಯೋ, ರವಿಕೆ ಕೊರಳೋ, ತಲೆಯ ಬೈತಲೆಯೋ, ವಾರಕ್ಕೆ ಒಂದನ್ನು ಮಾತ್ರ ಬದಲಿಸಿ.

ಪುಸ್ತಕದಲ್ಲಿ ಬರೆಯುವುದು ದಿನಕ್ಕೆ ಎರಡು ಸಾಲು ಸಾಕು. ಬೆಳಿಗ್ಗೆ ಏನು ಬದಲಿಸಿದಿರಿ, ಐದಕ್ಕೆ ಎಲ್ಲಿ ಕೆಟ್ಟಿತು. "ಕಾಡಿಗೆ ಮೇಲೆ ಮಾತ್ರ, ಪೌಡರ್ ಒತ್ತಿದ್ದು. ಎಡಗಣ್ಣಿನ ಹೊರಮೂಲೆಯಲ್ಲಿ ಸ್ವಲ್ಪ ಹರಡಿದೆ." ಎಡಗಡೆಯೇ ಯಾಕೆ? ಮಧ್ಯಾಹ್ನ ಎಡಗೈ ಮೇಲೆ ಕೆನ್ನೆಯೂರಿ ಕೂರುವ ಅಭ್ಯಾಸವಿರಬಹುದು. ಇಂಥವು ಬರೆದರೆ ಮಾತ್ರ ಸಿಗುತ್ತವೆ.

ರಾತ್ರಿ ತೆಗೆಯುವಾಗ ಅವಸರ ಬೇಡ. ಹತ್ತಿಗೆ ಕ್ಲೆನ್ಸಿಂಗ್ ಆಯಿಲ್ ಹಾಕಿ ಮುಚ್ಚಿದ ಕಣ್ಣಿನ ಮೇಲೆ ಇಪ್ಪತ್ತು ಎಣಿಸುವವರೆಗೆ ಇಟ್ಟು, ಆಮೇಲೆ ಕೆಳಮುಖವಾಗಿ ಒಂದೇ ಸಲ ಒರೆಸಿ, ನಂತರ ಫೇಸ್‌ವಾಶ್. ಉಜ್ಜಿದರೆ ನಮ್ಮ ಚರ್ಮ ಬೇಗ ಕಪ್ಪಿಡುತ್ತದೆ, ನಾಳೆ ಮುಚ್ಚಬೇಕಾದ ಕಲೆಯನ್ನು ಇವತ್ತೇ ಮಾಡಿಕೊಂಡ ಹಾಗಾಗುತ್ತದೆ. ಸ್ಪಂಜನ್ನು ಎರಡು ದಿನಕ್ಕೊಮ್ಮೆ, ಬ್ರಷ್ಷುಗಳನ್ನು ವಾರಕ್ಕೊಮ್ಮೆ ಮಗುವಿನ ಶಾಂಪೂವಿನಲ್ಲಿ ತೊಳೆಯಿರಿ. ಬ್ರಷ್ಷಿನ ಹಿಡಿಗೆ ನೀರು ಇಳಿಯದಂತೆ ಕೂದಲು ಕೆಳಗಾಗಿರಲಿ. ಸ್ಪಂಜನ್ನು ಒದ್ದೆಯಾಗಿ ಡಬ್ಬಿಯೊಳಗೆ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಟ್ಟೆ ಒಣಗಿಸುವ ತಂತಿಗೆ ಒಂದು ಕ್ಲಿಪ್ಪು ಹಾಕಿ ನೇತುಹಾಕಿ, ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ.